ಮಡಿ ಆಂಟಿಯ ಕೃಷ್ಣ

ಜಯನಗರದ ಆ ಬೀದಿಯ ಮಕ್ಕಳು ಸೀತಾಲಕ್ಷ್ಮಿಗೆ ಇಟ್ಟಿದ್ದ ಹೆಸರು ಮಡಿ ಆಂಟಿ. ಹೆಸರೇನೂ ಸುಳ್ಳಲ್ಲ. ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದಲೇ ಇಳಿಸಿಕೊಂಡು ಉಡುತ್ತಿದ್ದಳು. ಉಟ್ಟ ಮೇಲೆ ಬಾಗಿಲು ತೆಗೆಯುವುದು ಗಂಡನ ಕೆಲಸ. ಕೊರಿಯರ್‌ನವನು ಬಂದರೂ ಅಷ್ಟೇ, ಭೂಕಂಪವಾದರೂ ಅಷ್ಟೇ. ತವರಿನಿಂದ ತಂದ ಬೆಳ್ಳಿಯ ಅಂಬೆಗಾಲು ಕೃಷ್ಣನಿಗೆ ಹಾಲಿನ ನೈವೇದ್ಯವಾದ ಮೇಲೇ ಅವಳ ಕಾಫಿ. ಗಂಡ ಸೇತುರಾಮ ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು. ದೇವರ ವ್ಯವಹಾರವನ್ನೆಲ್ಲ ಹೆಂಡತಿಗೆ ವಹಿಸಿ ಆರಾಮಾಗಿ ಪೇಪರು ಓದುತ್ತಿದ್ದ.

ಅರವತ್ತು ದಾಟಿದ ಮೇಲೆ ಅವಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿತು. ಡಾಕ್ಟರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮಲ ಹೊರಬರಲು ಹೊಟ್ಟೆಯ ಮೇಲೇ ಒಂದು ದಾರಿ ಮಾಡಿ, ಅದಕ್ಕೆ ಚೀಲ ಅಂಟಿಸಿದರು. ಇನ್ನು ಬದುಕಿರುವ ತನಕ ಹೀಗೇ ಅಂದರು. ಜೆ.ಪಿ. ನಗರದಲ್ಲಿದ್ದ ಮಗಳು ಅಂಜನಾ ಓಡಿ ಬಂದು, "ಜೀವ ಉಳೀತಲ್ಲ, ಅಷ್ಟು ಸಾಕು ಕಣಮ್ಮ," ಅಂದಳು. ಆಸ್ಪತ್ರೆಯಿಂದ ಮನೆಗೆ ಬಂದ ಸೀತಾಲಕ್ಷ್ಮಿ ದೇವರ ಕೋಣೆಯ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಹೋಗಿ ಮಲಗಿದಳು.

"ಇನ್ಮೇಲೆ ಪೂಜೆ ನೀವೇ ಮಾಡ್ಬೇಕು," ಅಂದಳು ಗಂಡನಿಗೆ.

"ನಂಗೆಲ್ಲೇ ಬರುತ್ತೆ?"

"ಮತ್ತೆ ನಾನು ಹೊಟ್ಟೆ ಮೇಲೆ ಕಕ್ಕಸು ಕಟ್ಕೊಂಡು ಒಳಗೆ ಹೋಗ್ಲಾ?"

ಮಾರನೆಯ ದಿನದಿಂದ ಸೇತುರಾಮನೇ ಪೂಜೆಗೆ ಕೂತ.

ಅವನ ಪೂಜೆ ದೇವರಿಗೇ ಪ್ರೀತಿ. ಮೊಬೈಲಿನಲ್ಲಿ ಮಂತ್ರ ಹಾಕಿಬಿಡುತ್ತಿದ್ದ. ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು ಬಂದರೆ ಕೃಷ್ಣನೂ ಅದನ್ನು ಪೂರ್ತಿ ಕೇಳಬೇಕು. ಆದರೆ ಹೆಂಡತಿಯ ಚೀಲ ಬದಲಿಸುವುದನ್ನು ಮಾತ್ರ ಮುಖ ಸಿಂಡರಿಸದೆ ಕಲಿತ. ಬೆಳಿಗ್ಗೆ ಎದ್ದು ಮೊದಲು ಚೀಲ, ಆಮೇಲೆ ಸ್ನಾನ, ಆಮೇಲೆ ಪೂಜೆ.

"ಅದೇ ಕೈಯಲ್ಲಿ ದೇವ್ರನ್ನ ಮುಟ್ತೀರಲ್ಲಾ?" ಅಂತ ಅವಳು ಸಂಕಟಪಟ್ಟಳು.

"ಇರೋದು ಎರಡೇ ಕೈ ಕಣೇ."

ಮಲಗಿದಲ್ಲಿಗೆ ಗಂಟೆಯ ಸದ್ದು ಕೇಳುತ್ತಿತ್ತು. ನೋವಿಗಾದರೆ ಮಾತ್ರೆ ಇತ್ತು. ದೇವರು ತನ್ನನ್ನು ಹೊರಗೆ ಹಾಕಿದ ಅನ್ನುವ ದುಃಖಕ್ಕೆ ಯಾವ ಅಂಗಡಿಯಲ್ಲೂ ಔಷಧವಿಲ್ಲ. ನಿನಗೇನು ಕಡಿಮೆ ಮಾಡಿದ್ದೆ ಅಂತ ಗೋಡೆಯನ್ನು ಕೇಳುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಸ್ವತಃ ಸೀತಾಲಕ್ಷ್ಮಿಯೇ. ಹಾಗಂತ ಅವಳಿಗೆ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಮಳೆಗಾಲದಲ್ಲಿ ಸೇತುರಾಮ ಡೆಂಗಿ ಬಂದು ಹಾಸಿಗೆ ಹಿಡಿದ. ಅಂಜನಾ ಅಡುಗೆ ತಂದಿಟ್ಟಳು, ಅಮ್ಮನ ಚೀಲವನ್ನೂ ಬದಲಿಸಿದಳು. ಆದರೆ ಅವಳು ಮುಟ್ಟಾಗಿದ್ದಳು. ಅಮ್ಮನೇ ಹೇಳಿಕೊಟ್ಟ ಪ್ರಕಾರ ದೇವರ ಕೋಣೆಗೆ ಅವಳೂ ಹೋಗುವಂತಿರಲಿಲ್ಲ. ಆ ದಿನ ಕೃಷ್ಣನಿಗೆ ದೀಪವಿಲ್ಲ, ಹಾಲಿಲ್ಲ. ಮಾರನೆಯ ದಿನ ಅಂಜನಾ ಆಫೀಸಿಗೆ ಹೋದಳು. ಅವತ್ತೂ ಇಲ್ಲ.

ಸೀತಾಲಕ್ಷ್ಮಿಗೆ ತಾನು ಹೊರಗಿರುವುದು ಹೇಗೋ ಅಭ್ಯಾಸವಾಗಿತ್ತು. ಅಂಬೆಗಾಲಿನ ಮಗು ಹಸಿದುಕೊಂಡಿದೆ ಅನ್ನುವುದನ್ನು ಮಾತ್ರ ತಡೆಯಲಾಗಲಿಲ್ಲ. ಎದ್ದಳು. ತನ್ನ ಚೀಲವನ್ನು ಮೊದಲ ಸಲ ತಾನೇ ಬದಲಿಸಿ, ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಾಲು ಕಾಯಿಸಿಕೊಂಡು ಕಳ್ಳಿಯ ಹಾಗೆ ಒಳಗೆ ಹೋದಳು. ಹಾಲಿಟ್ಟು, ದೀಪ ಹಚ್ಚಿ, ಬಾಗಿಲ ಹತ್ತಿರವೇ ಮುದುಡಿ ಕೂತಳು. ಒಂದು ಸಲ ಗಂಟೆ ಬಾರಿಸಿ ತಕ್ಷಣ ಎದ್ದುಬಿಡೋಣ ಅಂತಿದ್ದಳು.

ಗಂಟೆಗೆ ಕೈ ಹಾಕುವಷ್ಟರಲ್ಲಿ ಹೊಟ್ಟೆ ಗುಡುಗುಡು ಅಂದಿತು. ಸೀರೆಯ ಅಡಿಯಲ್ಲಿ ಚೀಲ ಬೆಚ್ಚಗೆ ತುಂಬಿಕೊಂಡಿತು. ದೇವರ ಎದುರಿಗೇ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಳಲು ನೆಲಕ್ಕೆ ಕೈ ಊರಿದವಳಿಗೆ ನೆನಪಾಯಿತು. ಅಂಜನಾ ಕೂಸಾಗಿದ್ದಾಗ ಎಷ್ಟು ಸಲ ಮಡಿಲಲ್ಲೇ ಹೇತುಕೊಂಡಿದ್ದಳು; ತೊಳೆದು ಮತ್ತೆ ಎತ್ತಿಕೊಂಡಿದ್ದೇ ಹೊರತು ಎಸೆದದ್ದುಂಟೇ? ಯಾವ ತಾಯಿ ಎಸೆಯುತ್ತಾಳೆ? ಈ ಯೋಚನೆ ಬಂದದ್ದೇ ಅವಳು ತಲೆ ಎತ್ತಿ ಕೃಷ್ಣನನ್ನು ನೇರವಾಗಿ ನೋಡಿದಳು.

"ನಾನಿರೋದೇ ಹೀಗೆ. ಬೇಡ ಅನ್ನು, ಎದ್ದು ಹೋಗ್ತೀನಿ," ಅಂದಳು.

ಕಾದಳು. ಬೀದಿಯಲ್ಲಿ ಒಂದು ಆಟೋ ಹೋಯಿತು. ದೀಪ ಉರಿಯುತ್ತಲೇ ಇತ್ತು. ಬೆಣ್ಣೆ ಹಿಡಿದ ಆ ಪುಟ್ಟ ಕೈ ಅವಳ ಕಡೆಗೆ ಚಾಚಿಯೇ ಇತ್ತು. ಬಾಗಿಲ ಹತ್ತಿರದಿಂದ ತೆವಳಿಕೊಂಡು ಮುಂದೆ ಹೋಗಿ, ಹಾಲಿನ ಬಟ್ಟಲನ್ನು ಕೃಷ್ಣನ ಬಾಯಿಯ ಹತ್ತಿರ ಹಿಡಿದಳು. ಗಂಟೆಯನ್ನು ಮನೆಯೆಲ್ಲ ಕೇಳುವಂತೆ ಬಾರಿಸಿದಳು.

"ಯಾರು ಅದು, ಅಂಜನಾನಾ?" ಒಳಗಿನಿಂದ ಸೇತುರಾಮ ಜ್ವರದ ದನಿಯಲ್ಲಿ ಕೂಗಿದ.

"ನಾನು."

"ಮತ್ತೆ ಮಡಿ?" ಅಂದ.

"ನಾನಿರೋದೇ ಹೀಗೆ ಅಂತ ಹೇಳ್ದೆ. ಬೇಡ ಅನ್ಲಿಲ್ಲ ಕಣ್ರೀ," ಅಂದಳು.