ಬಲಗಾಲಿನ ಮೇಲೆ ಬಂದ ಆರೋಪ

ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತವರ ಬಲಗಾಲನ್ನು ನೀವು ಎಂದಾದರೂ ಗಮನಿಸಿದ್ದೀರಾ? ಎದುರಿಗೊಂದು ಎಮ್ಮೆ ಅಡ್ಡ ಬಂದರೆ ಸಾಕು, ಅದು ಇಲ್ಲದ ಬ್ರೇಕನ್ನು ಹುಡುಕಿಕೊಂಡು ಹೋಗಿ ನೆಲವನ್ನು ಒತ್ತುತ್ತದೆ. ಕಾರು ನಿಂತರೆ ಆ ಕಾಲಿನ ಒಡೆಯನಿಗೆ ತಾನೇ ನಿಲ್ಲಿಸಿದೆನೆಂಬ ಸಮಾಧಾನ. ನಿಲ್ಲದಿದ್ದರೆ ಸ್ಟೇರಿಂಗ್ ಹಿಡಿದವರ ಮೇಲೆ ಸಿಟ್ಟು. ಅಧಿಕಾರವಿಲ್ಲದ ಆತಂಕ, ಹೊಣೆಯಿಲ್ಲದ ವಿಮರ್ಶೆ ಇವೆರಡೂ ಸೇರಿ ಆ ಸೀಟಿಗೆ ಒಂದು ವಿಶಿಷ್ಟವಾದ ಗಾಂಭೀರ್ಯವನ್ನು ತಂದುಕೊಟ್ಟಿವೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ಆ ಪೀಠವನ್ನು ಅಲಂಕರಿಸಿದ್ದೇನೆ. ಬಲಗಡೆಯ ಸೀಟು ನನ್ನ ಹೆಂಡತಿ ಸುನಂದಾಳದು.

ಹಾಗೆಂದು ನಾನು ಪ್ರಯತ್ನವನ್ನೇ ಮಾಡಲಿಲ್ಲವೆಂದು ತಿಳಿಯಬೇಡಿ. ಇಬ್ಬರೂ ಜೊತೆಯಾಗಿಯೇ ಚಿಕ್ಕೋಡಿಯ ಡ್ರೈವಿಂಗ್ ಶಾಲೆಗೆ ಸೇರಿದೆವು. ನಾನು ಕ್ಲಚ್ಚಿನ ತತ್ವ, ಗೇರಿನ ಮೀಮಾಂಸೆ, ಎಂಜಿನ್ನಿನ ಶ್ವಾಸೋಚ್ಛ್ವಾಸ ಇವನ್ನೆಲ್ಲ ಮನನ ಮಾಡಿಕೊಂಡೆ. ಅವಳು ಗಾಡಿ ನಡೆಸುವುದನ್ನು ಕಲಿತಳು. ಊರಿನ ಏರಿನಲ್ಲಿ ನನ್ನ ಕೈಗೆ ಬಂದ ಕಾರು ಮುಂದಿನ ಗೇರಿನಲ್ಲಿದ್ದೂ ಹಿಂದಕ್ಕೇ ಚಲಿಸಿ ಒಂದು ಚಹಾದಂಗಡಿಯ ಬಾಗಿಲಿಗೆ ಹೋಗಿ ನಿಂತಾಗ, ಕಲಿಸುವಾತ ಹಣೆ ಒರೆಸಿಕೊಂಡು, "ಸರ, ನೀವು ಇದರ ಮ್ಯಾಲ ಒಂದ್ ಪುಸ್ತಕ ಬರೀರಿ" ಎಂದು ನನ್ನನ್ನು ಗೌರವದಿಂದ ಬೀಳ್ಕೊಟ್ಟ. ಸುನಂದಾ ಮಾತ್ರ ಐವತ್ತರ ಆಚೆಯ ವಯಸ್ಸಿನಲ್ಲಿ, ಮೊದಲನೆಯ ಸಲಕ್ಕೇ ಲೈಸೆನ್ಸು ಪಡೆದು, ಅದನ್ನು ಯಾರಿಗೂ ತೋರಿಸದೆ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದಳು.

ಅವಳು ಮುಗಳಖೋಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಮನೆ ರಾಯಬಾಗದಲ್ಲಿ. ಬಹಳ ವರ್ಷ ಅವಳು ಆ ದಾರಿಯನ್ನು ಬಸ್ಸಿನಲ್ಲಿ, ಅದೂ ಹೆಚ್ಚಾಗಿ ನಿಂತುಕೊಂಡೇ, ಕ್ರಮಿಸಿದವಳು. ನಿಪ್ಪಾಣಿಯಲ್ಲಿ ಒಬ್ಬರ ಕೈಯಿಂದ ಕೊಂಡ ಹಳೆಯ ಬೂದುಬಣ್ಣದ ಕಾರು ಮನೆಗೆ ಬಂದ ಮೇಲೆ ಅವಳ ಬೆಳಗಿನ ಮುಖವೇ ಬೇರೆಯಾಯಿತು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಬರಿಗಾಲಿನಲ್ಲೇ ಅವಳು ಗಾಡಿ ನಡೆಸುವುದು. ಪೆಡಲಿನ ಮನಸ್ಸು ಅಂಗಾಲಿಗೆ ತಿಳಿಯಬೇಕಂತೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಒಮ್ಮೆ ಬಂದು ನೋಡಿ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಗಟ್ಟಿ ದನಿಯಲ್ಲಿ ಮರಾಠಿ ಹಾಡು ಹಾಕಿಕೊಂಡು, ಮದುವೆಗೆ ಹೊರಟ ದಿಬ್ಬಣದಂತೆ ರಸ್ತೆಯ ತುಂಬ ತೂಗಾಡುತ್ತ ಹೋಗುತ್ತವೆ. ಅವುಗಳ ಹಿಂದೆ ಅವಳು ಹಾರ್ನು ಬಾರಿಸದೆ, ಗೊಣಗದೆ, ತಕ್ಕ ಜಾಗ ಸಿಗುವವರೆಗೆ ತಾಳಿಕೊಂಡಿದ್ದು, ಸಿಕ್ಕೊಡನೆ ನುಣ್ಣಗೆ ದಾಟಿಸಿಬಿಡುತ್ತಾಳೆ. ಅದನ್ನು ನೋಡುವುದೇ ನನಗೊಂದು ಸುಖ. ಹೆಂಡತಿಯ ಬಗ್ಗೆ ಇಂಥ ಮಾತನ್ನು ಮುದ್ರಣದಲ್ಲಿ ಹೇಳುವುದು ನಮ್ಮ ಕಡೆ ರೂಢಿಯಲ್ಲ, ಆದರೂ ಹೇಳುತ್ತಿದ್ದೇನೆ.

ಇಂಥವಳ ಕಾರು ಈ ಸಲದ ಹಂಗಾಮಿನಲ್ಲಿ ಜಿಗಿಯತೊಡಗಿತು. ನಿಂತಲ್ಲಿಂದ ಹೊರಡುವಾಗ ನವಿರಾಗಿ ಏಳಬೇಕಾದ ಗಾಡಿ, ಬೆನ್ನ ಮೇಲೆ ಯಾರೋ ಹೊಡೆದವರಂತೆ ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು. ಮೊದಮೊದಲು ನಾನು ಎಡಗಡೆಯಿಂದ ಹುಬ್ಬೇರಿಸಿ ವಿಮರ್ಶೆ ದಾಖಲಿಸಿದೆ, ಅಷ್ಟೆ. ಒಂದು ಬೆಳಿಗ್ಗೆ ನಮ್ಮ ಓಣಿಯ ತಿರುವಿನಲ್ಲಿ ಕಬ್ಬಿನ ಟ್ರೇಲರೊಂದು ನಿಂತಿತ್ತು. ಅದರ ಹಿಂದೆ ನಿಂತ ಸುನಂದಾ, ಅದು ತುಸು ಸರಿದು ದಾರಿ ಬಿಟ್ಟಾಗ ಮೆಲ್ಲಗೆ ಹೊರಡಲು ಕಾಲಿಟ್ಟಳು. ಕಾರು ಹಾರಿ ಹೋಗಿ ಹೊರಚಾಚಿದ ಕಬ್ಬಿನ ಗಳಗಳಲ್ಲಿ ಮೂಗು ತೂರಿಸಿತು. ಯಾರಿಗೂ ಏನೂ ಆಗಲಿಲ್ಲ, ಮುಂದಿನ ಒಂದು ದೀಪ ಒಡೆಯಿತು. ಆದರೆ ಟ್ರೇಲರಿಗೂ ಕಾರಿಗೂ ನಡುವಿನಿಂದ ಆಗಷ್ಟೇ ಒಬ್ಬ ಮುದುಕಿ ದಾಟಿ ಹೋಗಿದ್ದಳು. ಸುನಂದಾ ಬಹಳ ಹೊತ್ತು ಆ ಮುದುಕಿ ಹೋದ ದಾರಿಯನ್ನೇ ನೋಡುತ್ತ ಕುಳಿತಳು.

ನೆರೆದ ಜನ ಮಾತಾಡಿದ್ದು ಅವಳೊಡನೆ ಅಲ್ಲ, ನನ್ನೊಡನೆ. ಗಾಡಿಯ ಗಂಧವಿಲ್ಲದ ನನ್ನ ಕಿಟಕಿಗೇ ಬಗ್ಗಿ, ಹೆಣ್ಣುಮಕ್ಕಳ ಕೈಗೆ ಗಾಡಿ ಯಾಕೆ ಕೊಡುತ್ತೀರಿ ಎಂದು ಕೇಳಿದರು. ಹೆಂಗಸರ ಕಾಲಿಗೆ ಅಂದಾಜು ಇರುವುದಿಲ್ಲವೆಂಬ ಶಾಸ್ತ್ರವಾಕ್ಯ ಅಲ್ಲಿಯೇ ಪ್ರತಿಪಾದಿತವಾಗಿ, ಸರ್ವಾನುಮತದಿಂದ ಅಂಗೀಕಾರವೂ ಆಯಿತು. ಕಾರನ್ನು ನಿಪ್ಪಾಣಿಯ ಪರಿಚಯದ ಗಾಡಿ ಮಿಸ್ತ್ರಿಗೆ ತೋರಿಸಿದೆವು. ಆತ ಎರಡು ಸುತ್ತು ಓಡಿಸಿ, ಗಾಡಿ ಬೆಣ್ಣೆಯಂತಿದೆ ಎಂದು ಹೇಳಿ, ನಕ್ಕು, ಅವಳ ಕಾಲಿನ ಕಡೆ ನೋಡಿದ. ಆತನದೂ ತಪ್ಪಲ್ಲ. ಅವನೆದುರಿಗೆ ಅದು ಒಮ್ಮೆಯೂ ಜಿಗಿಯಲಿಲ್ಲ.

ಈ ಸುದ್ದಿ ಉಗಾರ ಬುದ್ರುಕದಲ್ಲಿ ಕಬ್ಬು ಮಾಡಿಕೊಂಡಿರುವ ನನ್ನ ಅಣ್ಣ ಅಪ್ಪಾಸಾಹೇಬನ ಕಿವಿಗೆ ಬಿತ್ತು. ನಮ್ಮಣ್ಣ ಅಂತಃಕರಣದ ಮನುಷ್ಯ. ಅವನ ಪ್ರೀತಿ ಯಾವಾಗಲೂ ಅಪ್ಪಣೆಯ ರೂಪದಲ್ಲೇ ಪ್ರಕಟವಾಗುತ್ತದೆ. ಬಂದವನೇ ಚಹಾ ಕುಡಿದು, ಕಾರಿನ ಕೀಲಿಯನ್ನು ಜುಬ್ಬಾದ ಕಿಸೆಗೆ ಇಳಿಬಿಟ್ಟು, ತಾನೇ ಒಬ್ಬ ಡ್ರೈವರನ್ನು ಗೊತ್ತು ಮಾಡುವುದಾಗಿಯೂ ಸುನಂದಾ ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತು ಹೋಗಬೇಕಾಗಿಯೂ ತೀರ್ಪು ಕೊಟ್ಟು ಹೋದ. ನಮ್ಮ ಜೊತೆಗೇ ಇರುವ ಅವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಎಂಬತ್ತು ದಾಟಿದ ಅವಳ ಮೌನವನ್ನು ನಾವು ಒಪ್ಪಿಗೆಯೆಂದೇ ಎಣಿಸಿದೆವು.

ಕೀಲಿ ಹೋದದ್ದಕ್ಕೆ ಸುನಂದಾ ಅಷ್ಟು ದುಃಖಪಡಲಿಲ್ಲ. ಅವಳನ್ನು ತಿಂದದ್ದು ಬೇರೆ. ಮತ್ತೆ ಬಸ್ಸಿಗೆ ನಿಂತು ಹೋಗಿ ಬಂದ ಒಂದು ಸಂಜೆ ಅವಳು ಚಹಾದ ಬಟ್ಟಲು ಹಿಡಿದು ತನ್ನ ಪಾದವನ್ನೇ ನೋಡುತ್ತ, "ನನಗ ಗೊತ್ತಿಲ್ಲದಂಗ ನಾನ ಜೋರ್ ಒತ್ತಾಕತ್ತೀನೇನ್ರೀ?" ಎಂದು ಕೇಳಿದಳು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು ಗೆರೆ ತಪ್ಪದೆ ವೃತ್ತ ಬರೆದವಳು, ತನ್ನ ದೇಹದ ಮಾತನ್ನೇ ನಂಬಲಾರದೆ ಹೋಗಿದ್ದಳು. ಊರವರ ಮಾತು ಕಿವಿಯಿಂದ ಇಳಿದು ಕಾಲಿಗೆ ಮುಟ್ಟಿತ್ತು.

ಆದರೆ ಗಣಿತದವರನ್ನು ದೀರ್ಘಕಾಲ ದುಃಖದಲ್ಲಿ ಇಟ್ಟಿರಲಾಗುವುದಿಲ್ಲ. ಅವರು ಅದನ್ನೂ ಬಿಡಿಸಲು ಹೊರಡುತ್ತಾರೆ. ಗಾಡಿ ಜಿಗಿದದ್ದೆಲ್ಲ ಬೆಳಿಗ್ಗೆ, ಎಂಜಿನ್ನು ತಣ್ಣಗಿದ್ದಾಗ, ಅದೂ ನಿಂತಲ್ಲಿಂದ ಹೊರಡಲು ಒತ್ತಿದಾಗ ಎಂಬುದು ಅವಳಿಗೆ ಹೊಳೆಯಿತು. ಚಿಕ್ಕೋಡಿ ದಾಟಿ ನಿಪ್ಪಾಣಿ ಮುಟ್ಟುವ ಹೊತ್ತಿಗೆ ಅದು ಕಾದು ಹದಕ್ಕೆ ಬಂದಿರುತ್ತಿತ್ತು. ಮಿಸ್ತ್ರಿಗೆ ಕಾಣುವುದಾದರೂ ಹೇಗೆ? ಕಾರು ಚಾಲೂ ಮಾಡದೆಯೇ ಪರೀಕ್ಷಿಸಬಹುದಾದ್ದರಿಂದ ಕೀಲಿಯ ಹಂಗೂ ಇರಲಿಲ್ಲ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ನಮ್ಮ ಓಣಿಯಲ್ಲಿಲ್ಲ. ರವಿವಾರ ಬೆಳಿಗ್ಗೆ ಅವಳು ಕಾರಿನ ಬಾಗಿಲು ತೆಗೆದು, ನೆಲದ ಮೇಲೆ ಮೊಣಕಾಲೂರಿ ಕುಳಿತು, ಎಕ್ಸಿಲರೇಟರಿನ ಪೆಡಲನ್ನು ಅಂಗೈಯಿಂದ ಒತ್ತಿದಳು. ಆರೋಪ ಕಾಲಿನ ಮೇಲಿದ್ದುದರಿಂದ ಸಾಕ್ಷಿಗೆ ಕೈಯನ್ನು ಕರೆದಳು. ಆಮೇಲೆ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟಳು. ಪೆಡಲು ಮೊದಲು ಅಂಟಿಕೊಂಡು ಅಲ್ಲಾಡಲಿಲ್ಲ. ಇನ್ನಷ್ಟು ಭಾರ ಹಾಕಿದಾಗ ಟಕ್ಕನೆ ಬಿಟ್ಟುಕೊಂಡು ಕೆಳಗೆ ಹೋಯಿತು. ಗಾಡಿಯ ಜಿಗಿತ ನನ್ನ ಅಂಗೈಯಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ.

ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ದಾರಿಯಲ್ಲಿ ಥ್ರಾಟಲ್ ಎಂಬ ಒಂದು ಗಂಟಲಿದೆ. ಅದರೊಳಗೆ ಹಿತ್ತಾಳೆಯ ದುಂಡನೆಯ ಬಿಲ್ಲೆಯೊಂದು ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ನಾವು ಪೆಡಲು ಒತ್ತುವುದೆಂದರೆ ದೂರದಿಂದ ಆ ಬಾಗಿಲನ್ನು ತಂತಿ ಹಿಡಿದು ಎಳೆಯುವುದು. ಬಿಲ್ಲೆಯ ಅಂಚಿಗೆ ಜಿಡ್ಡು ಹಿಡಿದರೆ ಬಾಗಿಲು ಕಚ್ಚಿಕೊಳ್ಳುತ್ತದೆ. ಇಷ್ಟನ್ನು ಫೋನಿನಲ್ಲಿ ನೋಡಿ ತಿಳಿದುಕೊಂಡ ಸುನಂದಾ, ಪೇಟೆಯಿಂದ ಜಿಡ್ಡು ತೆಗೆಯುವ ಸ್ಪ್ರೇ ತರಿಸಿ, ನನ್ನ ಹಳೆಯ ಬನಿಯನ್ನನ್ನೂ ಇನ್ನೂ ಹಳೆಯದಾಗದಿದ್ದ ಹಲ್ಲಿನ ಬ್ರಶ್ಶನ್ನೂ ವಶಪಡಿಸಿಕೊಂಡು, ಸೆರಗು ಸಿಕ್ಕಿಸಿ ಬಾನೆಟ್ಟು ಎತ್ತಿದಳು. ನನಗೆ ಸಿಕ್ಕ ಹುದ್ದೆ, ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಿನಲ್ಲಿ ಹಿಡಿದು ನಿಲ್ಲುವುದು. ಪಟ್ಟಿ ಸಡಿಲಿಸಿ ಕಪ್ಪು ರಬ್ಬರಿನ ಕೊಳವೆಯನ್ನು ಅವಳು ಎಳೆದು ತೆಗೆದಳು. ಪಾತ್ರೆಯ ತಳದ ಕರಿಯನ್ನು ತಿಕ್ಕುವ ತಾಳ್ಮೆಯಿಂದ, ಬಿಲ್ಲೆಯನ್ನು ಬೆರಳಲ್ಲಿ ತೆರೆದು ಹಿಡಿದು, ಅಂಚಿನಗುಂಟ ಉಜ್ಜತೊಡಗಿದಳು. ಆ ಕೈಗಳಿಗೆ ಗಡಿಬಿಡಿಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ನಾನು ಬಟ್ಟಲು ಹಿಡಿದು ನೋಡುತ್ತಲೇ ನಿಂತೆ.

ಬನಿಯನ್ನಿನ ಮೇಲೆ ಮೊದಲು ಬಂದದ್ದು ಕಪ್ಪು. ಕಬ್ಬಿನ ಒಣಸೋಗೆಯ ರವದಿ ಸುಟ್ಟ ಕರಿ ಒಣಹಾಕಿದ ಬಟ್ಟೆಯ ಮೇಲೂ ಉದುರುವ ಕಾಲ ಇದು, ಆಶ್ಚರ್ಯವಿಲ್ಲ. ಅದರ ಹಿಂದೆಯೇ ಬಂದದ್ದು ಹಳದಿ. ಅವಳು ಬಟ್ಟೆಯನ್ನು ಮೂಗಿಗೆ ಹಿಡಿದಳು, ನನ್ನ ಮೂಗಿಗೂ ಹಿಡಿದಳು. ಎಣ್ಣೆಯ ವಾಸನೆಯ ಒಳಗಿಂದ ಅರಿಷಿಣದ ವಾಸನೆ ಬಂತು. ಕೊಳವೆಯ ಗುಂಟ ಹಿಂದಕ್ಕೆ ಹೋಗಿ ಗಾಳಿ ಸೋಸುವ ಡಬ್ಬಿಯನ್ನು ತೆರೆದರೆ, ಫಿಲ್ಟರಿನ ಒಂದು ಅಂಚನ್ನು ಇಲಿ ಕಡಿದಿತ್ತು, ಡಬ್ಬಿಯ ತಳದಲ್ಲಿ ಹಿಡಿಯಷ್ಟು ಭಂಡಾರ. ಚಿಂಚಲಿಯ ದೇವಿಯ ಗುಡಿಯಿಂದ ತಂದು ನಾವು ಹಣೆಗೆ ಹಚ್ಚಿಕೊಳ್ಳುವ ಅರಿಷಿಣದ ಪುಡಿ. ನಮ್ಮ ಮನೆಯಲ್ಲಿ ಅದರ ಡಬ್ಬಿ ಇರುವುದು ಒಬ್ಬರ ಉಡಿಯಲ್ಲಿ ಮಾತ್ರ.

ಪ್ರತಿ ಶುಕ್ರವಾರ ಸುನಂದಾ ಹೊರಡುವ ಮುಂಚೆ ಬಾನೆಟ್ಟು ತೆಗೆದು ನೀರು, ಆಯಿಲ್ಲು ನೋಡಿ, ಅದನ್ನು ತೆರೆದೇ ಬಿಟ್ಟು ಕೈ ತೊಳೆಯಲು ಒಳಗೆ ಹೋಗುತ್ತಾಳೆ. ಅಷ್ಟರಲ್ಲಿ ಅವ್ವ ಬಂದು ಕಾರಿನ ಉಸಿರಿನ ಬಾಯಿಗೆ ಒಂದು ಚಿಟಿಕೆ ಹಾಕುತ್ತಿದ್ದಳೆಂಬುದನ್ನು ಊಹಿಸಲು ಗಣಿತ ಬೇಕಾಗಿರಲಿಲ್ಲ. ಸುನಂದಾ ಕಟ್ಟೆಯ ಕಡೆ ನೋಡಿದಳು. ಅವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಸುನಂದಾ ಬನಿಯನ್ನನ್ನು ಹಳದಿ ಒಳಗಾಗುವಂತೆ ಮಡಚಿ, "ಅತ್ತಿ ಮುಂದ ಅನಬ್ಯಾಡ್ರಿ. ಮನಸಿಗೆ ಹಚ್ಕೊಂಡು ನೆಲಾ ಹಿಡೀತಾರ" ಎಂದಳು.

ಅದೇ ಹೊತ್ತಿಗೆ ಅಣ್ಣ ಬಂದ. ತೆರೆದ ಬಾನೆಟ್ಟು, ತಮ್ಮನ ಹೆಂಡತಿಯ ಕರಿಹಿಡಿದ ಕೈ, ಬಟ್ಟಲು ಹಿಡಿದ ತಮ್ಮ ಇದನ್ನೆಲ್ಲ ನೋಡಿ, ಏನು ಸಿಕ್ಕಿತೆಂದು ಕೇಳಿದ. ಒಂದು ಮಾತಿನಲ್ಲಿ ಅವಳು ತನ್ನ ಕಾಲನ್ನು ಬಿಡಿಸಿಕೊಳ್ಳಬಹುದಿತ್ತು. ಅವಳು ಧೂಳು ಕೂತಿತ್ತೆಂದಷ್ಟೇ ಹೇಳಿದಳು. ಧೂಳು ಎಲ್ಲರ ಗಾಡಿಯಲ್ಲೂ ಇರುತ್ತದೆ, ಎಲ್ಲರ ಗಾಡಿ ಹಾರುವುದಿಲ್ಲವಲ್ಲ ಎಂದು ಅಣ್ಣ ನಕ್ಕು, ಸೋಮವಾರದಿಂದ ಡ್ರೈವರು ಬರುವನೆಂದು ತಿಳಿಸಿದ. ಅವಳು ಬ್ರಶ್ಶು ತೊಳೆಯತೊಡಗಿದಳು. ಎಷ್ಟು ದಿನದಿಂದ ಈ ಒಂದು ಪುರಾವೆಗಾಗಿ ಒಳಗೊಳಗೇ ಬೇಯುತ್ತಿದ್ದಳೋ, ಅದನ್ನು ಕೈಗೆ ಬಂದ ಗಳಿಗೆಯಲ್ಲೇ ಮಡಚಿ ಇಟ್ಟುಬಿಟ್ಟಳು. ನನ್ನ ಕಣ್ಣು ತುಂಬಿ ಬಂತು. ಸ್ಪ್ರೇದ ಘಾಟು ಎಂದು ಒರೆಸಿಕೊಂಡೆ.

ಅವ್ವ ಸೊಪ್ಪನ್ನು ಬದಿಗಿಟ್ಟು ಎದ್ದು ಬಂದಳು. ಮುದುಕಿಯ ಕಣ್ಣು ಮಂದ, ಮೂಗು ಚುರುಕು. ತೆರೆದಿದ್ದ ಫಿಲ್ಟರಿನ ಡಬ್ಬಿಯಲ್ಲಿ ಬೆರಳಿಟ್ಟು, ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದಳು, ಸುನಂದಾಳ ಕೈಯಿಂದ ಬಟ್ಟೆ ಇಸಿದುಕೊಂಡು ಮಡಿಕೆ ಬಿಚ್ಚಿದಳು. ಹಳದಿಯ ಮೇಲೆ ಕೈಯಾಡಿಸಿದಳು.

"ಅಪ್ಪಾಸಾಬಾ, ಕೀಲಿ ಕೊಡು. ತಪ್ಪ ಅಕಿ ಕಾಲಿಂದಲ್ಲ, ನನ್ನ ಕೈದು."

ಆಮೇಲೆ ಅವಳೇ ಹೇಳಿದಳು. ಕಾರು ಬಂದ ದಿನ ನಾನು ನನ್ನ ಪಾಂಡಿತ್ಯವನ್ನು ಹರಡಿ, ಇಲ್ಲಿಂದ ಇದು ಉಸಿರಾಡುತ್ತದೆ ಎಂದು ತೋರಿಸಿದ್ದೆನಂತೆ. ಹೊರಗೆ ಹಚ್ಚಿದರೆ ಶಾಲೆಯವರು ಸೊಸೆಯನ್ನು ನೋಡಿ ನಕ್ಕಾರು, ಒಳಗೆ ಉಸಿರಿನಲ್ಲೇ ದೇವಿ ಇರಲಿ ಎಂದುಕೊಂಡು ಅವಳು ಅಂದಿನಿಂದ ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ. ಜಿಗಿಯಲು ಶುರುವಾದ ಮೇಲಂತೂ ಅಂಜಿ, ಎರಡೆರಡು ಚಿಟಿಕೆ ಹಾಕಿದ್ದಳು. ಅಣ್ಣ ಕಿಸೆಯಿಂದ ಕೀಲಿ ತೆಗೆದು ಸುನಂದಾಳ ಮುಂದೆ ಹಿಡಿದ. ಅವಳು ಕೈ ಕರಿಯಾಗಿದೆ ಎಂದಾಗ ತಾನೇ ಕಾರಿನೊಳಗೆ ಬಗ್ಗಿ ಅದರ ಜಾಗದಲ್ಲಿ ಸಿಕ್ಕಿಸಿದ.

ಹೊಸ ಫಿಲ್ಟರು ಬಂತು, ದೀಪ ಬಂತು. ಮುಂದಿನ ಶುಕ್ರವಾರ ಸುನಂದಾ ಎಂದಿನಂತೆ ನೀರು, ಆಯಿಲ್ಲು ನೋಡಿ, ಕೈ ತೊಳೆದು ಬಂದು, ಬಾನೆಟ್ಟು ಮುಚ್ಚಿ, ಚಪ್ಪಲಿ ಕಳಚಿ, ಇನ್ನೂ ಬಾಗಿಲು ಮುಚ್ಚದೆ ಸೀಟಿನಲ್ಲಿ ಅಡ್ಡ ಕೂತಿದ್ದಳು. ಅವ್ವ ಡಬ್ಬಿ ಹಿಡಿದು ಬಂದು, ಕಾರನ್ನು ಬಿಟ್ಟು, ಬಾಗಿಲಿನ ಹತ್ತಿರ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತಳು. ಸೊಸೆಯ ಬಲಗಾಲಿನ ಹೆಬ್ಬೆರಳಿಗೆ ಭಂಡಾರ ಹಚ್ಚಲು ಕೈ ಚಾಚಿದಳು. ಹಿರಿಯರು ಕಾಲು ಮುಟ್ಟುವುದುಂಟೇ? ಸುನಂದಾ ಗಾಬರಿಯಾಗಿ ಪಾದವನ್ನು ಹಿಂದಕ್ಕೆ ಎಳೆದುಕೊಂಡಳು.

ಅವ್ವ ಅದನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಂದುಕೊಂಡಳು. "ತಗೀಬ್ಯಾಡ. ಭಾಳ ಅನಿಸ್ಕೊಂಡೈತಿ ಪಾಪ, ಇದು."

ಸುನಂದಾ ಕಾಲನ್ನು ಅವಳ ಕೈಯಲ್ಲಿ ಬಿಟ್ಟು, ಇನ್ನೊಂದು ಕಡೆಗೆ ಮುಖ ತಿರುಗಿಸಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅವ್ವ ಕಟ್ಟೆಯ ಕಡೆ ಸರಿದ ಮೇಲೆ ಬಾಗಿಲು ಮುಚ್ಚಿ ಕಾರು ಚಾಲೂ ಮಾಡಿದಳು. ಎಡಗಡೆಯ ನನ್ನ ಪೀಠದಿಂದ ನಾನು ನೋಡುತ್ತಿದ್ದೆ. ಹಳದಿ ಹತ್ತಿದ ಆ ಪಾದ ಪೆಡಲಿನ ಮೇಲೆ ಬಂದು, ಒತ್ತಿತೋ ಇಲ್ಲವೋ ಎಂಬಂತೆ ಒತ್ತಿತು, ಗಾಡಿ ಓಣಿಯ ಕಲ್ಲಿನ ಮೇಲೆ ಸದ್ದಿಲ್ಲದೆ ಹೊರಟಿತು. ಕಟ್ಟೆಯ ಹತ್ತಿರ ಅವ್ವ ಇನ್ನೂ ನೆಲದ ಮೇಲೇ ಕೂತು, ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.