ಮಿಸ್ ಆರ್ಲೆಥಾ ದಾಟಿ ಹೋದ ಬಾಗಿಲು

ನಮ್ಮ ಕರಿಯ ಜನರಲ್ಲಿ ಪ್ರೆಸಿಡೆಂಟ್ ಪದವಿಗೆ ಯಾರ್ಯಾರು ನಿಂತಿದ್ರು ಅಂತ ನನ್ನ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಗೆದ್ದೋರು ಎಲ್ರಿಗೂ ಗೊತ್ತು, ಅದರಲ್ಲೇನು ದೊಡ್ಡಸ್ತಿಕೆ ಇಲ್ಲ. ನಂಗೆ ಸೋತೋರ ಹುಚ್ಚು. ಯಾವ ಊರಲ್ಲಿ ಎಷ್ಟು ಓಟು ಬಂತು, ಯಾವ ಚರ್ಚಿನ ನೆಲಮಾಳಿಗೇಲಿ ಭಾಷಣ ಮಾಡಿದ್ರು, ಎಲ್ಲಾ ಬರ್ದಿಟ್ಕೊಂಡಿದೀನಿ. ಆದ್ರೆ ಅವರಿಗಿಂತ್ಲೂ ನಾನು ಜಾಸ್ತಿ ಅಭಿಮಾನಿ ಆಗಿರೋದು ಎಂದೂ ಯಾವುದಕ್ಕೂ ನಿಲ್ಲದೇ ಇದ್ದ ಒಬ್ರಿಗೆ. ಮಿಸ್ ಆರ್ಲೆಥಾ ಪೆಟ್ವೇ. ನಮ್ಮ ಶೈಲೋ ಚರ್ಚಿನ ಸೆಕ್ರೆಟರಿ. ಈಗ ತೊಂಬತ್ತಮೂರು ವಯಸ್ಸು, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಈ ಕಥೇನ ಅವರೇ ಹೇಳಿದ್ದು, ಒಂದ್ಸಲ ಅಲ್ಲ, ಹತ್ತು ಸಲ, ನಾನೇ ಕೇಳಿ ಕೇಳಿ ಹೇಳಿಸ್ಕೊಂಡಿದ್ದು.

ವಾರವೆಲ್ಲಾ ಅವರು ಮೇಪಲ್ ರಸ್ತೇಲಿದ್ದ ಲಾಂಡ್ರೀಲಿ ಇಸ್ತ್ರಿ ಮಾಡೋರು. ಭಾನುವಾರ ಬಂತು ಅಂದ್ರೆ ಬಿಳಿ ಕೈಚೀಲ, ಬಿಳಿ ಟೋಪಿ, ಕೈಯಲ್ಲಿ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ. ಯಾರಾದ್ರೂ ತೀರ್ಕೊಂಡ್ರೆ ಹೂವು ಕಳಿಸೋರ ಪಟ್ಟಿ, ಊಟದ ದಿನ ಯಾರು ಕೋಳಿ ಹುರಿದು ತರ್ತಾರೆ, ಯಾರು ಸಿಹಿಗೆಣಸಿನ ಪೈ ತರ್ತಾರೆ ಅನ್ನೋ ಪಟ್ಟಿ, ಆಸ್ಪತ್ರೇಲಿರೋರನ್ನ ನೋಡೋಕೆ ಹೋಗೋರ ಪಟ್ಟಿ. ಒಂದೊಂದು ಬೆಂಚಿನ ತುದೀಲೂ ನಿಂತ್ಕೊಂಡು ಹುಬ್ಬು ಹಾರಿಸೋರು. ಕೂತೋರು ತಲೆ ಆಡಿಸೋರು. ಹೆಸರು ಅವರೇ ಬರ್ಕೊಳ್ಳೋರು. ಪೆನ್ನು ಇನ್ನೊಬ್ರ ಕೈಗೆ ಕೊಟ್ಟಿದ್ದೇ ಇಲ್ಲ. ಹೈಸ್ಕೂಲ್ ಮೇಷ್ಟ್ರು ಕೈ ಚಾಚಿದ್ರೂ, "ಬೇಡಪ್ಪ, ನಿಮ್ಮ ಅಕ್ಷರ ಕೋಳಿ ಕೆದರಿದಂಗೆ, ಆಮೇಲೆ ಪಾದ್ರಿಗಳಿಗೆ ಓದೋಕೆ ಆಗಲ್ಲ" ಅಂದ್ಬಿಡೋರು.

ಜನ ಇದನ್ನ ಅವರ ಗತ್ತು ಅಂದ್ಕೊಂಡಿದ್ರು. ಗತ್ತು ಅಲ್ಲ. ನಮ್ಮ ಹಿರಿಯರು ಸುಮಾರು ಜನ ದಕ್ಷಿಣದ ಅಲಬಾಮಾದಿಂದ, ಮಿಸಿಸಿಪ್ಪಿಯಿಂದ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಅಂತ ಉತ್ತರದ ಈ ಊರಿಗೆ ಬಂದೋರು. ಹತ್ತಿ ಬಿಡಿಸೋ ಕಾಲಕ್ಕೆ ಶಾಲೆ ಬಾಗಿಲು ಹಾಕ್ತಿದ್ದ ಕಡೆ ಬೆಳೆದೋರು. ಕೆಲವರಿಗೆ ತಮ್ಮ ಹೆಸರೂ ಬರಿಯೋಕೆ ಬರ್ತಿರ್ಲಿಲ್ಲ. ಮಿಸ್ ಆರ್ಲೆಥಾ ಹೊಸದಾಗಿ ಸೆಕ್ರೆಟರಿ ಆದಾಗ ಒಬ್ಬ ಹೆಂಗಸಿನ ಕೈಗೆ ಪೆನ್ನು ಕೊಟ್ರಂತೆ. ಆಯಮ್ಮ ಕನ್ನಡಕ ಮನೇಲಿ ಬಿಟ್ಟು ಬಂದೆ ಅಂತ ಎದ್ದು ಹೋದೋಳು ಮತ್ತೆ ಚರ್ಚಿಗೇ ಬರ್ಲಿಲ್ಲ. ಅವತ್ತಿಂದ ಎಲ್ರ ಹೆಸರೂ ಇವರೇ. ಎಲ್ರದ್ದೂ ಬರೆದ್ರೆ ತಾನೇ ಯಾರಿಗೆ ಬರಲ್ಲ ಅಂತ ಗೊತ್ತಾಗ್ದೇ ಇರೋದು. ಯಾರಿಗೆ ಬರಲ್ಲ ಅನ್ನೋ ಪಟ್ಟಿ ಒಂದೇ ಒಂದು ಇತ್ತು, ಅದು ಅವರ ತಲೆಯೊಳಗೆ.

ಆಮೇಲೆ ಸಾವಿರದ ಒಂಬೈನೂರ ಎಪ್ಪತ್ತಾರು ಬಂತು. ಲಿಯೊಂಟೀನ್ ಬ್ರಾಡಕ್ ಅಂತ ನಮ್ಮೋರೇ ಒಬ್ಬ ಹೆಂಗಸು, ಮೊದ್ಲು ಶಾಲೆ ಹೆಡ್ಮಿಸ್ಸು, ಆಮೇಲೆ ಶಾಸಕಿ, ಪ್ರೆಸಿಡೆಂಟ್ ಆಗ್ತೀನಿ ಅಂತ ಹೊರಟ್ರು. ಪೇಪರಿನೋರು ನಕ್ಕರು. ನಮ್ಮ ಗಂಡಸರೂ ನಕ್ಕರು ಅನ್ನಿ. ಮಿಸ್ ಆರ್ಲೆಥಾ ಮಾತ್ರ ಆ ಯಮ್ಮನ ಫೋಟೋ ಕತ್ತರಿಸಿ ಇಸ್ತ್ರಿ ಮೇಜಿನ ಮೇಲ್ಗಡೆ ಅಂಟಿಸಿದ್ರು. "ನಾನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಎಷ್ಟೋ ಜನ ಓಟು ಕೇಳೋಕೆ ಹೋಗಿದಾರೆ. ಇವರೊಬ್ರು ನನ್ನ ಥರಾನೇ ಮಾತಾಡ್ತಿದ್ರು" ಅಂತಾರೆ.

ಪಕ್ಷದೊಳಗಿನ ಮೊದಲ ಸುತ್ತಿನ ಮತಪತ್ರದಲ್ಲಿ ಬ್ರಾಡಕ್ ಹೆಸರು ಬರ್ಬೇಕಂದ್ರೆ ಒಂದೊಂದು ಜಿಲ್ಲೆಯಿಂದಲೂ ನೂರು ಮತದಾರರ ಸಹಿ ಬೇಕಿತ್ತು. ನಮ್ಮ ಜಿಲ್ಲೆದು ಬಿಟ್ಟು ಉಳಿದಿದ್ದೆಲ್ಲಾ ಆಗಿತ್ತು. ಶುಕ್ರವಾರ ಸಂಜೆ ಐದಕ್ಕೆ ಗಡುವು. ಮಿಸ್ ಆರ್ಲೆಥಾ ಭಾನುವಾರ ಪ್ರಾರ್ಥನೆ ಮುಗೀತಿದ್ದಂಗೆ ರಟ್ಟು ಹಿಡ್ಕೊಂಡು ಹೊರಟ್ರು. ಬೆಂಚಿಂದ ಬೆಂಚಿಗೆ, ಹುಬ್ಬು ಹಾರಿಸೋದು, ತಲೆ ಆಡಿಸೋದು. ಅರ್ಧ ಗಂಟೇಲಿ ನೂರ ಹದಿನೇಳು ಹೆಸರು.

ಸೋಮವಾರ ಆ ಹಾಳೆಗಳನ್ನ ತಗೊಂಡು ಹೋಗೋಕೆ ಕ್ಲಾರಿಸ್ ಡೂಪ್ರೀ ಲಾಂಡ್ರಿಗೆ ಬಂದ್ರು. ನಮ್ಮ ಜಿಲ್ಲೇಲಿ ಬ್ರಾಡಕ್ ಪರವಾಗಿ ಕೆಲಸ ಮಾಡ್ತಿದ್ದ ವಕೀಲೆ, ಮೂವತ್ತರ ಆಸುಪಾಸು. ಮೊದಲನೇ ಹಾಳೆ ನೋಡಿದ್ರು, ಎರಡನೇದು ನೋಡಿದ್ರು, ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತ್ಬಿಟ್ರು.

"ಮಿಸ್ ಆರ್ಲೆಥಾ, ಇದೆಲ್ಲಾ ಒಂದೇ ಕೈ."

"ಹೂಂ. ನಂದು. ನೀಟಾಗಿದೆ ಅಲ್ವಾ?"

"ನೀಟಾಗಿದೆ. ಅದೇ ತೊಂದ್ರೆ. ಪ್ರತಿಯೊಬ್ರೂ ಅವರವರೇ ಹಾಕ್ಬೇಕು. ಇದನ್ನ ಹಿಂಗೇ ಕೊಟ್ರೆ ಅಷ್ಟನ್ನೂ ತೆಗ್ದು ಬಿಸಾಕ್ತಾರೆ. ಸುಳ್ಳು ಸಹಿ ಅಂತ ನಿಮ್ಮನ್ನ ಕೋರ್ಟಿಗೂ ಎಳೀಬಹುದು."

"ಅವರನ್ನ ಕೇಳ್ಕೊಂಡೇ ಬರ್ದಿದ್ದು ಕಣಮ್ಮ. ಪ್ರತಿಯೊಬ್ರೂ ಹೂಂ ಅಂದಿದಾರೆ."

"ನಂಗೊತ್ತು. ಚುನಾವಣಾ ಕಚೇರಿಯೋರಿಗೆ ಗೊತ್ತಿಲ್ವಲ್ಲ."

ಮಿಸ್ ಆರ್ಲೆಥಾ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ರು. ಕೋರ್ಟಿನ ಚಿಂತೆ ಅಲ್ಲ, ತಲೆಯೊಳಗಿನ ಪಟ್ಟಿದು. ಅದರಲ್ಲಿ ಹತ್ತೊಂಬತ್ತು ಜನ ಇದ್ರು. ನೂರ ಹದಿನೇಳರಲ್ಲಿ ಹತ್ತೊಂಬತ್ತು ಕಳೆದ್ರೆ ತೊಂಬತ್ತೆಂಟು.

"ಬರಿಯೋಕೆ ಬರ್ದೇ ಇದ್ದೋರು ಏನ್ ಮಾಡ್ಬೇಕು?" ಅಂತ ಕೇಳಿದ್ರು, ಏನೋ ಸುಮ್ನೆ ಕೇಳ್ದಂಗೆ.

"ಒಂದು ಗುರುತು ಹಾಕಿದ್ರೆ ಸಾಕು. ಇಬ್ರು ಸಾಕ್ಷಿ ಪಕ್ಕದಲ್ಲಿ ಸಹಿ ಮಾಡ್ಬೇಕು. ಕಾನೂನಲ್ಲಿ ನಡಿಯತ್ತೆ. ಯಾರ್ಯಾರು ಅಂತ ಹೇಳಿ, ನಾನೇ ಸಾಕ್ಷಿ ಕರ್ಕೊಂಡು ಹೋಗ್ತೀನಿ."

"ಯಾರೂ ಇಲ್ಲ" ಅಂದ್ರು ಮಿಸ್ ಆರ್ಲೆಥಾ. "ಸುಮ್ನೆ ಕೇಳಿದೆ."

ಕ್ಲಾರಿಸ್ ಮಿಸ್ ಆರ್ಲೆಥಾ ಮುಖಾನೇ ನೋಡಿದ್ರು. ಬುದ್ಧಿವಂತೆ, ಇನ್ನೊಂದ್ಸಲ ಕೇಳ್ಲಿಲ್ಲ. ಹೊಸ ಹಾಳೆ ಕೊಟ್ಟು ಹೋದ್ರು.

ಆ ವಾರ ಸಂಜೆ ಆರು ಹೊಡೆದ್ರೆ ಸಾಕು, ಮಿಸ್ ಆರ್ಲೆಥಾ ಮನೆ ಮನೆ ಬಾಗಿಲು ಬಡಿಯೋರು. ಬರಿಯೋಕೆ ಬರೋ ತೊಂಬತ್ತೆಂಟು ಮನೆ ಮಾತ್ರ. "ಏನ್ ಸಿಸ್ಟರ್, ಇವತ್ತು ಪೆನ್ನು ಕೊಡ್ತಿದೀರಿ, ಹುಷಾರಾಗಿದೀರಾ ತಾನೇ?" ಅಂತ ಆಡ್ಕೊಂಡ್ರು. ಒಬ್ಬ ಮೆಂಫಿಸ್ಸಿಗೆ ತಂಗಿ ಮನೆಗೆ ಹೋಗಿದ್ದ. ಮೂರು ಜನ ಡಬಲ್ ಶಿಫ್ಟು, ಕೈಗೇ ಸಿಗ್ಲಿಲ್ಲ. ಒಬ್ರು ಆಸ್ಪತ್ರೆ. ಗಂಡ ಹೆಂಡ್ತಿ ಇಬ್ರು ಎರಡು ರಾತ್ರೀಲಿ ಮನಸ್ಸು ಬದಲಾಯಿಸಿದ್ರು, ಗೆಲ್ಲೋ ಕುದುರೆಗೇ ನಮ್ಮ ಓಟು ಅಂದ್ರು. ಬುಧವಾರಕ್ಕೆ ತೊಂಬತ್ತೊಂದು.

ಆಗ ಅವರು ಮಾಡಿದ ಕೆಲಸ ಕೇಳಿದ್ರೆ ಈಗ್ಲೂ ನಂಗೆ ನಂಬಿಕೆ ಬರಲ್ಲ. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಟೂಕ್ ಹ್ಯಾಗನ್ಸ್‌ನ ಬಿಲಿಯರ್ಡ್ಸ್ ಅಂಗಡಿಗೆ ಹೋದ್ರು. ಶೈಲೋ ಚರ್ಚಿನ ಹೆಂಗಸರು ಆ ಅಂಗಡಿ ಎದುರು ಬಂದ್ರೆ ರಸ್ತೆಯ ಆಚೆ ಬದಿಗೆ ದಾಟ್ತಿದ್ರು. ಇವರು ಬಿಳಿ ಕೈಚೀಲ ಹಿಡ್ಕೊಂಡು ಒಳಗೇ ನಡೆದ್ರು. ಆಟ ನಿಂತೋಯ್ತು. ಟೂಕ್ ಬಾಯಲ್ಲಿದ್ದ ಸಿಗಾರ್ ತೆಗೆದ.

"ಏನ್ ಸಿಸ್ಟರ್, ಸ್ವರ್ಗಕ್ಕೆ ಹೋಗೋ ದಾರೀಲಿ ಎಡಕ್ಕೆ ತಿರುಗಿಬಿಟ್ರಾ?"

"ನಿಮ್ಮಮ್ಮನ ಮಣ್ಣಿನ ದಿನ ಹೂವಿನ ಪಟ್ಟಿ ಬರ್ದೋಳು ನಾನು. ಅದರಲ್ಲಿ ನಿನ್ನ ಹೆಸರಿರ್ಲಿಲ್ಲ, ಟೂಕ್. ನಾನು ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ. ಬಾ, ಸಹಿ ಹಾಕು."

ಅಂಗಡಿಯೆಲ್ಲಾ ಘೊಳ್ ಅಂತ ನಗ್ತು. ಟೂಕ್ ಹಾಕ್ದ. ಇನ್ನೂ ಎಂಟು ಜನ ಹಾಕಿದ್ರು. ಒಬ್ಬ, "ಈ ಯಮ್ಮ ಗೆಲ್ತಾರಾ ಸಿಸ್ಟರ್?" ಅಂದ. "ಗೆಲ್ಲೋದಿರ್ಲಿ, ಮೊದ್ಲು ಹೆಸರು ಬರ್ಲಿ" ಅಂದ್ರು. ಕ್ಲಾರಿಸ್ ಮತದಾರರ ಪಟ್ಟಿ ತಂದು ನೋಡಿದ್ರೆ ಒಂಬತ್ತರಲ್ಲಿ ಮೂರು ಜನ ಪಟ್ಟೀಲೇ ಇಲ್ಲ. ತೊಂಬತ್ತೇಳು.

ಮಿಸ್ ಆರ್ಲೆಥಾ ಲಾಂಡ್ರಿಗೆ ವಾಪಸ್ ಬಂದ್ರೆ ಕೌಂಟರಿನ ಮುಂದೆ ಡೀಕನ್ ರೂಫಸ್ ಗೇದರ್ಸ್ ನಿಂತಿದಾರೆ. ಚರ್ಚಿನ ಹಿರೀಕರಲ್ಲೆಲ್ಲಾ ಹಿರಿಯರು. ಎಪ್ಪತ್ತು ದಾಟಿತ್ತು. ಪ್ರತೀ ಭಾನುವಾರ ವೇದಿಕೆ ಹತ್ತಿ, ದಪ್ಪ ಬೈಬಲ್ ಬಿಡಿಸಿ, ಆ ಗುಡುಗಿನಂಥ ದನೀಲಿ ಕೀರ್ತನೆ ಓದೋರು. ಓದೋರು ಅಂತ ನಾವು ಅಂದ್ಕೊಂಡಿದ್ವಿ. ಒಂದ್ಸಲ ಪುಸ್ತಕ ಬೇರೆ ಯಾವುದೋ ಅಧ್ಯಾಯಕ್ಕೆ ತೆರ್ಕೊಂಡಿತ್ತು, ಡೀಕನ್ ಅದನ್ನೇ ನೋಡ್ತಾ ಇಪ್ಪತ್ಮೂರನೇ ಕೀರ್ತನೆ ಒಂದಕ್ಷರ ತಪ್ಪದಂಗೆ ಹೇಳಿದ್ರು. ವೇದಿಕೆ ಹಿಂದಿನ ಮೇಜಿನ ಹತ್ರ ಕೂತಿದ್ದ ಮಿಸ್ ಆರ್ಲೆಥಾ ಒಬ್ರೇ ನೋಡಿದ್ದು. ಹತ್ತೊಂಬತ್ತು ಜನರಲ್ಲಿ ಮೊದಲನೇ ಹೆಸರು ಅವರದ್ದು.

"ಕೋಟು ಇಸ್ತ್ರಿಗೆ ತಂದ್ರಾ ಡೀಕನ್?"

"ಕೋಟು ಸರಿಯಾಗಿದೆ. ಸೋಮವಾರ ನಮ್ಮ ಎಡಗಡೆ ಮನೆಗೆ ಬಂದ್ರಂತೆ. ಮಂಗಳವಾರ ಬಲಗಡೆ ಮನೆಗೆ. ಇವತ್ತು ಟೂಕ್ ಅಂಗಡಿಗೂ ಹೋಗಿದ್ರಂತೆ."

ಮಿಸ್ ಆರ್ಲೆಥಾ ಕೈಚೀಲ ಕೌಂಟರಿನ ಮೇಲಿಟ್ರು.

"ನನ್ನ ಬಾಗಿಲು ಏನ್ ಮಾಡಿತ್ತು ಸಿಸ್ಟರ್?"

"ನಿಮಗ್ಯಾಕೆ ತೊಂದ್ರೆ ಅಂತ..."

"ಇಲ್ಲಿಗೆ ಬಂದು ಓಟು ಸಿಗೋಕೆ ಮುಂಚೆ, ಅಲಬಾಮಾದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರ್ಸೋಕೆ ಹೋಗಿದ್ದೆ. ಗಾಜಿನ ಹಿಂದೆ ಕೂತೋನು ನಾನು ಬಾಯಿ ಬಿಡೋಕೆ ಮುಂಚೆ ನಂಗೆ ಓದು ಬರಹ ಬರಲ್ಲ ಅಂತ ತೀರ್ಮಾನ ಮಾಡ್ಬಿಟ್ಟ. ಏನೂ ಕೇಳ್ಲಿಲ್ಲ. ಮನೆಗೆ ಹೋಗು ಅಂದ." ಡೀಕನ್ ದನಿ ಏರಿಸ್ಲೇ ಇಲ್ವಂತೆ. "ನೀವೂ ಕೇಳ್ಲಿಲ್ಲ."

ಇಷ್ಟು ಹೇಳಿದಾಗೆಲ್ಲಾ ಮಿಸ್ ಆರ್ಲೆಥಾ, "ನಾನು ಅವರ ಮಾನ ಕಾಯ್ತಿದೀನಿ ಅಂದ್ಕೊಂಡಿದ್ದೆ ಕಣೇ" ಅಂತಾರೆ. "ಹದಿನೆಂಟು ವರ್ಷ. ಒಬ್ರನ್ನೂ ಕೇಳಿರ್ಲಿಲ್ಲ."

ಅವತ್ತು ಮಾತ್ರ ಅವರು ಅಂದಿದ್ದು ಇಷ್ಟೇ: "ಹಾಗಿದ್ರೆ ಈಗ್ಲೇ ಹಾಕ್ತೀರಾ? ನಾನಿದೀನಿ, ಮಾಲೀಕರಿದಾರೆ, ಸಾಕ್ಷಿಗೆ ಆಗತ್ತೆ. ಇಲ್ಲಿ ಯಾರಿಗೂ ಗೊತ್ತಾಗಲ್ಲ."

"ಇಲ್ಲಿ ಬೇಡ. ಸಂಜೆ ಪ್ರಾರ್ಥನಾ ಕೂಟ ಇದೆಯಲ್ಲ, ಅಲ್ಲಿ. ಆ ವಕೀಲ ಹುಡುಗೀನೂ ಬರ್ಲಿ."

ಸಂಜೆ ಚರ್ಚಿನ ನೆಲಮಾಳಿಗೇಲಿ ಮೂವತ್ತು ಮೂವತ್ತೈದು ಜನ ಇದ್ರು. ಪ್ರಾರ್ಥನೆ ಮುಗಿದ್ಮೇಲೆ ಡೀಕನ್ ಮೇಜಿನ ಹತ್ರ ಬಂದು ಟೋಪಿ ತೆಗೆದಿಟ್ರು. ಮಿಸ್ ಆರ್ಲೆಥಾ ಹಾಳೆ ಮುಂದಿಟ್ಟು ಪೆನ್ನು ಕೊಡೋಕೆ ಹೋದ್ರೆ ತಗೊಳ್ಲಿಲ್ಲ.

"ಮೊದ್ಲು ಓದಿ. ಏನಕ್ಕೆ ಹಾಕ್ತಿದೀನಿ ಅಂತ ಗೊತ್ತಾಗ್ಬೇಕು."

"ಇದು ಬ್ರಾಡಕ್ ಅವರಿಗೆ ಅಂತ..."

"ಅಲ್ಲಿರೋದನ್ನ ಓದಿ. ಮೇಲಿಂದ. ನಿಧಾನಕ್ಕೆ."

ಅಷ್ಟು ಹಾಳೆ ತುಂಬ್ಸಿದ್ರೂ ಮೇಲಿನ ಆ ನಾಲ್ಕು ಸಾಲನ್ನ ಯಾರಿಗೂ ಓದಿ ಹೇಳಿರ್ಲಿಲ್ಲ ಅವರು. ಓದಿದ್ರು. ಕೆಳಗೆ ಸಹಿ ಮಾಡಿರುವ ನಾವು ಈ ಜಿಲ್ಲೆಯ ಮತದಾರರು. ಲಿಯೊಂಟೀನ್ ಬ್ರಾಡಕ್ ಎಂಬ ಇವರನ್ನು. ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಪದವಿಗೆ.

"ಪದವಿ ಹೆಸರು ಇನ್ನೊಂದ್ಸಲ ಓದಿ" ಅಂದ್ರು ಡೀಕನ್.

ಓದಿದ್ರು.

ಡೀಕನ್ ಪೆನ್ನು ತಗೊಂಡು, ಒಂದು ಗೀಟು ಎಳೆದು, ಅದರ ಮೇಲೆ ಇನ್ನೊಂದು ಗೀಟು ಅಡ್ಡ ಎಳೆದ್ರು. ಆತುರ ಇಲ್ಲ. ಪಕ್ಕದಲ್ಲಿ ಮಿಸ್ ಆರ್ಲೆಥಾ, ಕ್ಲಾರಿಸ್ ಸಾಕ್ಷಿ ಹಾಕಿದ್ರು. ಹಿಂದಿನ ಸಾಲಿಂದ ಯಾರೋ ಗಂಡಸು ಪಿಸುಗುಟ್ಟಿದ, "ಹಂಗಾದ್ರೆ ಇಷ್ಟ್ ವರ್ಷ ಬೈಬಲ್ ಓದ್ತಿದ್ದಿದ್ದು?"

"ಬಾಯಿಪಾಠ" ಅಂದ್ರು ಡೀಕನ್, ತಿರುಗದೇನೇ. "ನಿಂಗೆ ಎಷ್ಟು ಬರತ್ತೆ, ಹೇಳು ನೋಡಣ."

ಆಮೇಲೆ ಗಾಯಕ ಮಂಡಳಿಯ ಒಬ್ಬ ಹೆಂಗಸು ಎದ್ದು ಬಂದ್ಲು. ಆಮೇಲೆ ಅಣ್ಣ ತಮ್ಮ ಇಬ್ರು, ಕಾರ್ಖಾನೆಯೋರು. ಇನ್ನಿಬ್ರು. ಒಟ್ಟು ಆರು ಗುರುತು. ಪಟ್ಟೀಲಿದ್ದ ಹತ್ತೊಂಬತ್ತರಲ್ಲಿ ಇನ್ನೂ ನಾಲ್ಕು ಜನ ಅದೇ ಕೋಣೇಲಿದ್ರು, ಅವರು ಕೋಟು ಹಾಕ್ಕೊಂಡು ಮೆಟ್ಟಿಲು ಹತ್ತಿದ್ರು. ಮಿಸ್ ಆರ್ಲೆಥಾ ಅವರ ಕಡೆ ನೋಡ್ಲಿಲ್ಲ. ಕ್ಲಾರಿಸ್ ಕೂಗೋಕೆ ಹೋದ್ರೆ ತೋಳು ಹಿಡಿದು ತಡೆದ್ರು. "ಅವರಿಗೂ ಕೇಳಿಸ್ತು ಕಣಮ್ಮ. ಬೇಡ ಅನ್ನೋದೂ ಒಂದು ಉತ್ತರ."

ಶುಕ್ರವಾರ ಮೂರು ಗಂಟೆಗೆ ಜಿಲ್ಲಾ ಕಚೇರಿಗೆ ಹೋದ್ರು. ಡೀಕನ್ ಅದೇ ಕೋಟು ಹಾಕ್ಕೊಂಡು ತಾನೂ ಬರ್ತೀನಿ ಅಂತ ಕ್ಲಾರಿಸ್ ಕಾರು ಹತ್ತಿದ್ರು, ಆದ್ರೆ ಒಳಗೆ ಬರ್ಲಿಲ್ಲ. ಗಾಜಿನ ಹಿಂದೆ ಕೂತೋರನ್ನ ನೋಡಿ ಸಾಕಾಗಿದೆ ಅಂದ್ರು. ಒಳಗೆ ಗುಮಾಸ್ತೆ ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದ್ಲು. ಟೂಕ್ ಅಂಗಡಿಯ ಇಬ್ರು ಮನೆ ಬದಲಾಯಿಸಿದ್ರಂತೆ, ಹೊಡೆದು ಹಾಕಿದ್ಲು. ಗುರುತುಗಳ ಹತ್ರ ಬಂದಾಗ ಬೆರಳು ನಿಂತಿತು. ಸಾಕ್ಷಿ ಸಹಿ ನೋಡಿದ್ಲು, ಮಿಸ್ ಆರ್ಲೆಥಾ ಮುಖ ನೋಡಿದ್ಲು, ಮುಂದಕ್ಕೆ ಹೋದ್ಲು. ಕೊನೆಗೆ ಮುದ್ರೆ ಒತ್ತಿದ್ಲು.

ಮೇ ತಿಂಗಳ ಮತದಾನದಲ್ಲಿ ಬ್ರಾಡಕ್‌ಗೆ ನಮ್ಮ ಜಿಲ್ಲೇಲಿ ಇನ್ನೂರ ಹನ್ನೊಂದು ಓಟು ಬಂತು. ಜೂನ್ ಹೊತ್ತಿಗೆ ಅವರು ಕಣದಿಂದ ಹಿಂದೆ ಸರಿದ್ರು. ನನ್ನ ಪುಸ್ತಕದಲ್ಲಿ ಅದು ಒಂದು ಸಾಲು ಅಷ್ಟೇ. ಆ ಶುಕ್ರವಾರ ಈ ಮೂವರಿಗೆ ಅದೇನೂ ಗೊತ್ತಿರ್ಲಿಲ್ಲ. ಮಿಸ್ ಆರ್ಲೆಥಾ ಬಂದು ಕಾರಿನ ಬಾಗಿಲು ತೆಗೆದ್ರು.

"ಆಯ್ತು ಡೀಕನ್. ಹೆಸರು ಬರತ್ತೆ."

"ಎಷ್ಟು ಉಳೀತು?"

"ನೂರ ಒಂದು."

ಡೀಕನ್ ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು. "ಅಂದ್ರೆ, ನಾನು ಹಾಕ್ದೇ ಇದ್ದಿದ್ರೂ ನೂರಾಗ್ತಿತ್ತು."

ಸುಳ್ಳು ಹೇಳ್ಬಹುದಿತ್ತು. ಹೇಳ್ಲಿಲ್ಲ. "ಆಗ್ತಿತ್ತು" ಅಂದ್ರು.

"ಒಳ್ಳೇದಾಯ್ತು" ಅಂದ್ರು ಡೀಕನ್, ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡ್ತಾ. "ಹಂಗಾದ್ರೆ ನಾನು ಕಮ್ಮಿ ಬಿತ್ತು ಅಂತ ಹಾಕಿದ್ದಲ್ಲ. ಇಷ್ಟಪಟ್ಟು ಹಾಕಿದ್ದು."