ಅವಸರದಲ್ಲಿ ಕೊಟ್ಟ ಸೂಜಿ

ಉಚ್ಚಂಗಪ್ಪ ಶಿಕಾರಿಪುರದ ಒಬ್ಬ ಖಾಸಗಿ ಡಾಕ್ಟರ ಬಳಿ ಹನ್ನೊಂದು ವರ್ಷ ಕಂಪೌಂಡರನಾಗಿದ್ದ. ಡಾಕ್ಟರು ಬೇಡ, ಅವನೇ ಸೂಜಿ ಚುಚ್ಚಲಿ ಎನ್ನುವವರೂ ಇದ್ದರು. ಆ ಮಾತು ಕೇಳಿದರೆ ಅವನಿಗೆ ಒಳಗೊಳಗೇ ಹಿಗ್ಗು.

೧೯೫೮ರ ಆಷಾಢದಲ್ಲಿ ಬಳ್ಳಿಗಾವಿಯ ಮಾರಪ್ಪ ಹೆಂಡತಿ ಮಾಸ್ತಮ್ಮನನ್ನು ಕರೆತಂದ. ಹೆರಿಗೆಯಾಗಿ ಐದು ತಿಂಗಳು. ಕೂಸಿಗೆ ಹಾಲೂಡಿ ಸೊರಗಿದ್ದ ಅವಳ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಹಿಂದಿನ ವಾರವೇ ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟಿದ್ದರು: ಎರಡು ಹೊತ್ತು, ಊಟದ ಜೊತೆ, ಒಂದು ತಿಂಗಳು. ಈ ದಿನ ಅವರು ಊರಲ್ಲಿರಲಿಲ್ಲ.

"ಗುಳಿಗಿ ಹೊಟ್ಟಿಗಿಳಿದು ಮೈಗೆ ಹತ್ತೋದು ಯಾವಾಗ್ರೀ? ನಾಟಿ ಹತ್ರ ಬಂತು. ಒಂದು ಇಂಜೆಕ್ಷನ್ ಮಾಡಿಬಿಡ್ರಿ," ಎಂದ ಮಾರಪ್ಪ.

"ಗುಳಿಗಿ ನಿಧಾನ, ಆದ್ರ ಅಪಾಯಿಲ್ಲ. ನರಕ್ಕೆ ಕೊಡೋದಕ್ಕೆ ಡಾಕ್ಟರೇ ಬರಬೇಕು."

"ನಿಮಗ ಬರದ ಕೆಲ್ಸ ಐತೇನ್ರೀ?"

ಉಚ್ಚಂಗಪ್ಪ ಕರಗಿದ. ಸಿರಿಂಜಿಗೆ ಕ್ಯಾಲ್ಸಿಯಂ ಮದ್ದು ತುಂಬಿ ಮಾಸ್ತಮ್ಮನ ತೋಳಿನ ನರಕ್ಕೆ ನಿಧಾನವಾಗಿ ಕೊಡತೊಡಗಿದ. ಆ ಮದ್ದು ಕೊಡಲು ಡಾಕ್ಟರು ಹತ್ತು ನಿಮಿಷ ಹಿಡಿಯುತ್ತಿದ್ದುದನ್ನು, ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಇರುತ್ತಿದ್ದುದನ್ನು ಅವನು ಎಷ್ಟೋ ಸಲ ನೋಡಿದ್ದ. ಆದರೆ ಹೊರಗೆ ಅವರು ಹಿಂತಿರುಗಬೇಕಿದ್ದ ಸೊರಬದ ಬಸ್ಸು ಹಾರ್ನ್ ಹೊಡೆಯಿತು. ಮಾರಪ್ಪ ಬಾಗಿಲಿಗೂ ಮಂಚಕ್ಕೂ ಓಡಾಡತೊಡಗಿದ.

"ಅಣ್ಣಾ, ಎದಿಯೆಲ್ಲಾ ಸುಡಾಕತ್ತೈತಿ," ಎಂದಳು ಮಾಸ್ತಮ್ಮ.

"ಹಂಗಾಗ್ತೈತವ್ವಾ, ಮುಗೀತು," ಎಂದು ಅವನು ಉಳಿದದ್ದನ್ನು ಒಂದೇ ಸಲಕ್ಕೆ ಒತ್ತಿದ.

ಸೂಜಿ ಈಚೆ ತೆಗೆಯುವಷ್ಟರಲ್ಲಿ ಅವಳ ಕೈ ಜೋತುಬಿತ್ತು. ನಾಡಿ ಹುಡುಕಿದ, ಸಿಗಲಿಲ್ಲ. ಎದೆ ತಿಕ್ಕಿದ, ಹೆಸರು ಹಿಡಿದು ಕೂಗಿದ. ಏನೂ ಆಗಲಿಲ್ಲ.

ವಾಪಸು ಬಂದ ಡಾಕ್ಟರು, ಹೃದಯ ಮೊದಲೇ ಸೋತಿತ್ತು ಎಂದು ಹೇಳಿ ಕಳಿಸಿದರು. ಮಾರಪ್ಪ ನಂಬಿದ. ಹೆಣ ಗಾಡಿಗೇರಿಸುವ ಮುಂಚೆ ಉಚ್ಚಂಗಪ್ಪನಿಗೆ ಕೈಮುಗಿದ. ಅದನ್ನು ಉಚ್ಚಂಗಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

ತಿಥಿ ಕಳೆದ ಮೇಲೆ ಅವನು ಬಳ್ಳಿಗಾವಿಗೆ ಹೋದ. ಮಾಸ್ತಮ್ಮನ ತಾಯಿ ದ್ಯಾಮಮ್ಮ ಜಗಲಿಯಲ್ಲಿ ಕೂಸಿಗೆ ಬಟ್ಟೆಯ ಬತ್ತಿಯಿಂದ ಆಕಳ ಹಾಲು ಹಿಂಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದ.

ಅವಳು ಬತ್ತಿ ಕೆಳಗಿಟ್ಟು ಕೂಸಿನ ಬಾಯಿ ಒರೆಸಿದಳು. "ಗುಳಿಗಿನೇ ನುಂಗ್ಕೊಂಡಿದ್ರ ಉಳೀತಿದ್ಲೇನು?"

"ಉಳೀತಿದ್ಲವ್ವಾ."

"ಈ ಮಾತು ಅಳಿಯಗ ಹೇಳಬ್ಯಾಡ. ಅವಸರ ಮಾಡಿದಾವ ಅವನೂ ಹೌದು. ತಿಳಿದ್ರ ಈ ಕೂಸಿಗೆ ಅಪ್ಪನೂ ಉಳಿಯಂಗಿಲ್ಲ. ಇನ್ನ ನೀ ಹೋಗು."

ಉಚ್ಚಂಗಪ್ಪ ಕಂಪೌಂಡರಿಕೆ ಬಿಟ್ಟು ಸೊರಬದ ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ಕೆಲಸಕ್ಕೆ ಸೇರಿದ. ಮರುವರ್ಷ ಮಾರಪ್ಪ ಅಲ್ಲಿಗೆ ಬಂದವನು ಗುರುತು ಹಿಡಿದು ನಕ್ಕ.

"ಕೂಸು ಹೆಂಗೈತಿ?" ಎಂದು ಕೇಳುವುದಷ್ಟೇ ಉಚ್ಚಂಗಪ್ಪನಿಂದಾಯಿತು.

"ನಡಿಯಾಕತ್ತೈತ್ರೀ," ಎಂದ ಮಾರಪ್ಪ.